ಪುಣ್ಯ ಮನೆಯವರಿಗೆ, ನೋವು ನಾಯಿಗೆ

ನಾಸಿಕ್‌ನ ಗಂಗಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ, ಛತ್ರಪತಿ ಸಂಭಾಜಿನಗರದ ಸಿಡ್ಕೊ ಬಡಾವಣೆಯ ಮನೆಗಳಲ್ಲಿ ನಾಯಿಗಳು ಮುದಿಯಾಗುವ ರೀತಿ ಹೆಚ್ಚುಕಡಿಮೆ ಒಂದೇ. ಹದಿಮೂರು ವರ್ಷದ ಹಿಂದೆ ಮರಿಯಾಗಿ ಬಂದ ಲ್ಯಾಬ್ರಡಾರ್ ಮನೆಯ ಮಗಳ ಜೊತೆ ಬೆಳೆಯಿತು. ಮಗಳು ಕೆಲಸಕ್ಕೆಂದು ಪುಣೆಗೆ ಹೋದಳು, ನಾಯಿ ಉಳಿಯಿತು. ಈಗ ಅದಕ್ಕೆ ಮೂಳೆಯ ಕ್ಯಾನ್ಸರ್. ಹಿಂಗಾಲು ಏಳುವುದಿಲ್ಲ, ಮೂರು ದಿನದಿಂದ ಅನ್ನ ಮುಟ್ಟಿಲ್ಲ, ರಾತ್ರಿಯಿಡೀ ನರಳುತ್ತದೆ. ಇನ್ನು ಮಾಡುವಂಥದ್ದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಬೇಕಿದ್ದರೆ ಮನೆಗೇ ಬಂದು ದಯಾಮರಣದ ಇಂಜೆಕ್ಷನ್ ಕೊಡಬಹುದು ಎಂದೂ ಹೇಳಿದ್ದಾರೆ.

ಮನೆಯಲ್ಲಿ ಮಾತುಕತೆ ನಡೆಯುತ್ತದೆ. "ಸಾಕಿದ ಕೈಯಿಂದಲೇ ಕೊಲ್ಲಿಸೋದಾ? ಆಯುಸ್ಸು ಇರೋಷ್ಟು ದಿನ ಇರಲಿ ಬಿಡಿ" ಎಂದು ಅಜ್ಜಿ ಅನ್ನುತ್ತಾರೆ. ಎದುರಾಡುವ ಧೈರ್ಯ ಯಾರಿಗೂ ಇಲ್ಲ. ಎಲ್ಲರೂ ಅಳುತ್ತಾರೆ. ನಾಯಿಯ ಹಾಸಿಗೆ ಬಾಲ್ಕನಿಗೆ ಹೋಗುತ್ತದೆ.

ಈ ತೀರ್ಮಾನವನ್ನು ದಯೆ ಎಂದು ಕರೆಯುವುದು ರೂಢಿ. ಆ ಹೆಸರು ಅದಕ್ಕೆ ಸಲ್ಲದು. ಕಾಯಿಲೆ ಗುಣವಾಗದೆಂದು ಖಚಿತವಾಗಿ, ನೋವು ತಗ್ಗಿಸುವ ದಾರಿಗಳೆಲ್ಲ ಮುಗಿದ ಮೇಲೆ, ಪಶುವೈದ್ಯರನ್ನು ಮನೆಗೆ ಕರೆಸಿ ನೋವಿಲ್ಲದ ಸಾವು ಕೊಡಿಸುವುದು ಸಾಕಿದವರ ಕೊನೆಯ ಕರ್ತವ್ಯ. ಅದನ್ನು ಮಾಡದಿದ್ದರೆ ತಮ್ಮ ಕೈಗೆ ಪಾಪ ಅಂಟಲಿಲ್ಲವೆಂಬ ಸಮಾಧಾನ ಮನೆಯವರಿಗೆ ಸಿಗುತ್ತದೆ. ಆ ಸಮಾಧಾನದ ಬೆಲೆ ತೆರುವುದು ನಾಯಿ.

'ಸಹಜ ಸಾವು' ಎಂಬ ಮಾತನ್ನೇ ಮೊದಲು ನೋಡಬೇಕು. ಆ ಮಾತು ಕೇಳಿದವರ ಕಣ್ಣಿಗೆ ಬರುವುದು ರಾತ್ರಿ ಮಲಗಿದ ನಾಯಿ ಬೆಳಿಗ್ಗೆ ಏಳದೇ ಇರುವ ಚಿತ್ರ. ಹಾಗೆ ಹೋಗುವ ಅದೃಷ್ಟ ಎಲ್ಲ ನಾಯಿಗಳಿಗೆ ಇರುವುದಿಲ್ಲ. ಮೂತ್ರಪಿಂಡ ಕೈಕೊಟ್ಟ ನಾಯಿಯ ರಕ್ತದಲ್ಲಿ ಹೊರಹೋಗಬೇಕಾದ ಕಲ್ಮಶ ತುಂಬುತ್ತದೆ. ಬಾಯಲ್ಲಿ ಹುಣ್ಣು, ನಿಲ್ಲದ ವಾಂತಿ, ಕೆಲವಕ್ಕೆ ಕೊನೆಯಲ್ಲಿ ಫಿಟ್ಸ್. ಹೃದಯ ಸೋತ ನಾಯಿಯ ಶ್ವಾಸಕೋಶದಲ್ಲಿ ನೀರು ತುಂಬಿ, ಅದು ಮಲಗಲಾರದೆ ಕತ್ತು ಚಾಚಿ ಕೂತೇ ಉಸಿರಿಗೆ ಒದ್ದಾಡುತ್ತದೆ. ಏಳಲಾರದ ನಾಯಿಗೆ ಒಂದೇ ಮಗ್ಗುಲಲ್ಲಿ ಮಲಗಿ ಮೈ ಹುಣ್ಣಾಗುತ್ತದೆ. ಬೇಸಿಗೆಯಲ್ಲಿ ನೊಣ ಕೂತು ಹುಳ ಬೀಳಲು ಬಹಳ ದಿನ ಬೇಕಿಲ್ಲ. ನಾಯಿ ನೋವನ್ನು ಬಚ್ಚಿಡುವ ಪ್ರಾಣಿ. ಅದು ಬಾಯಿ ಬಿಟ್ಟು ನರಳುವ ಹೊತ್ತಿಗೆ ನೋವು ಬಹಳ ಮುಂದೆ ಹೋಗಿರುತ್ತದೆ.

ಇನ್ನು ಪ್ರಕೃತಿಯ ಮಾತು. ಮರಿಗೆ ರೇಬೀಸ್, ಪಾರ್ವೊ ಲಸಿಕೆ ಹಾಕಿಸುವಾಗ, ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸುವಾಗ, ಚೀಲದ ತಿಂಡಿ ತಿನ್ನಿಸುವಾಗ ಈ ಮನೆಗಳಿಗೆ ಪ್ರಕೃತಿಯ ನೆನಪಾಗಿರಲಿಲ್ಲ. ನಾಯಿಯ ಬದುಕಿನ ಪ್ರತಿಯೊಂದು ತೀರ್ಮಾನವನ್ನೂ ಮನುಷ್ಯರೇ ತೆಗೆದುಕೊಂಡರು. ಕಟ್ಟಕಡೆಯ, ಎಲ್ಲಕ್ಕಿಂತ ಕಷ್ಟದ ತೀರ್ಮಾನ ಬಂದಾಗ ಮಾತ್ರ ಪ್ರಕೃತಿಯನ್ನು ಮುಂದೆ ಮಾಡಿದರು.

ಪಾಪದ ಭಯಕ್ಕೆ ಉತ್ತರ ಆ ನೆಲದಲ್ಲೇ ಇದೆ. ತ್ರ್ಯಂಬಕದಲ್ಲಿ ಹುಟ್ಟಿ ನಾಸಿಕ್ ದಾಟಿದ ಗೋದಾವರಿ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೆ ಬರುತ್ತದೆ. ಅದು 16ನೆಯ ಶತಮಾನದ ಸಂತ ಏಕನಾಥರ ಊರು. ಜಾಯಕವಾಡಿ ಅಣೆಕಟ್ಟಿನ ಜಲಾಶಯಕ್ಕೆ ನಾಥಸಾಗರ ಎಂಬ ಹೆಸರು ಬಂದದ್ದೂ ಅವರಿಂದಲೇ. ಅವರ ಕಥೆ ಮಹಾರಾಷ್ಟ್ರದ ಮಕ್ಕಳಿಗೂ ಗೊತ್ತು. ರಾಮೇಶ್ವರದ ಶಿವನಿಗೆ ಅಭಿಷೇಕ ಮಾಡಲೆಂದು ಏಕನಾಥರು ಕಾವಡಿಯಲ್ಲಿ ಗಂಗಾಜಲ ಹೊತ್ತು ಹೊರಟಿದ್ದರು. ದಾರಿಯಲ್ಲಿ ಕಾದ ಮರಳಿನ ಮೇಲೆ ಕತ್ತೆಯೊಂದು ಬಾಯಾರಿ ಸಾಯುತ್ತ ಬಿದ್ದಿತ್ತು. ಅವರು ಆ ನೀರನ್ನು ಕತ್ತೆಯ ಬಾಯಿಗೆ ಸುರಿದರು. ಜೊತೆಗಿದ್ದವರಿಗೆ ಅದು ಪುಣ್ಯವನ್ನು ಮಣ್ಣುಪಾಲು ಮಾಡಿದಂತೆ ಕಂಡಿತು.

ಏಕನಾಥರು ಕತ್ತೆಯನ್ನು ಬದುಕಿಸಿದರು, ಕೊಲ್ಲಲಿಲ್ಲ ಎಂದು ಯಾರಾದರೂ ವಾದಿಸಬಹುದು. ನೀರಿನಿಂದ ಬದುಕುವಂತಿದ್ದರೆ ನೀರನ್ನೇ ಕೊಡಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ ಕಥೆಯ ತಿರುಳು ಒಂದು ಪ್ರಾಣಿಯ ಸಂಕಟದ ಎದುರು ತನ್ನ ಪುಣ್ಯದ ಲೆಕ್ಕವನ್ನು ಕೈಬಿಟ್ಟದ್ದರಲ್ಲಿದೆ. ಬಾಲ್ಕನಿಯ ನಾಯಿಯ ಮನೆಯವರು ಹಿಡಿದದ್ದು ಇದರ ಉಲ್ಟಾ ದಾರಿ. ಅವರ ಕಾವಡಿಯಿಂದ ಒಂದು ಹನಿಯೂ ಚೆಲ್ಲಿಲ್ಲ.

ಇದೇ ಪ್ರಶ್ನೆ 1928ರಲ್ಲಿ ಸಾಬರಮತಿ ಆಶ್ರಮಕ್ಕೂ ಬಂದಿತ್ತು. ಒಂದು ಕರು ಬದುಕುವ ಆಸೆಯಿಲ್ಲದ ಸ್ಥಿತಿಯಲ್ಲಿ ನರಳುತ್ತಿತ್ತು. ಗಾಂಧೀಜಿ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿ ಅದರ ಪ್ರಾಣ ತೆಗೆಸಿದರು. ಗುಟ್ಟಾಗಿ ಮಾಡಲೂ ಇಲ್ಲ, ಮಾಡಿ ಸುಮ್ಮನಿರಲೂ ಇಲ್ಲ; ತಮ್ಮ ಪತ್ರಿಕೆಗಳಲ್ಲಿ ಬರೆದರು. ದೇಶದ ಮೂಲೆಮೂಲೆಯಿಂದ ಸಿಟ್ಟಿನ ಪತ್ರಗಳು ಬಂದವು. ಅವರು ಹಿಂದೆ ಸರಿಯಲಿಲ್ಲ. ಕೊಲ್ಲದೇ ಇರುವುದಷ್ಟೇ ಅಹಿಂಸೆಯಲ್ಲ, ರೋಗಿಯ ಒಳಿತಿಗೆ ಶಸ್ತ್ರವೈದ್ಯ ಕತ್ತಿ ಹಿಡಿದರೆ ಅದು ಹಿಂಸೆಯಾಗುವುದಿಲ್ಲ ಎಂಬುದು ಅವರ ವಾದದ ಸಾರ. ಅಹಿಂಸೆಯ ಹೆಸರಿನಲ್ಲಿ ನಾಯಿಯನ್ನು ನರಳಲು ಬಿಡುವವರು ಈ ವಾದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಕಾನೂನಿನ ಅಡ್ಡಿಯೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಪರಾಧವೆನ್ನುವುದು ಪ್ರಾಣಿಗಳನ್ನು ಅನಗತ್ಯವಾಗಿ ಕ್ರೂರ ರೀತಿಯಲ್ಲಿ ಕೊಲ್ಲುವುದನ್ನು. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆಂದು 2001ರಲ್ಲಿ ಬಂದ ನಿಯಮಗಳು, ಗುಣವಾಗದ ರೋಗ ಅಥವಾ ಮಾರಣಾಂತಿಕ ಗಾಯವಾದ ನಾಯಿಗೆ ಪಶುವೈದ್ಯರ ಕೈಯಲ್ಲಿ ದಯಾಮರಣ ಕೊಡಿಸಬೇಕು, ಇನ್ನೊಂದು ನಾಯಿಯ ಎದುರಿಗೆ ಅದನ್ನು ಮಾಡಕೂಡದು ಎಂದವು. ಕಾನೂನು ಬೀದಿನಾಯಿಗೆ ತೋರಿದ ಈ ಕರುಣೆ ಸೋಫಾದ ಮೇಲೆ ಬೆಳೆದ ನಾಯಿಗೆ ದಕ್ಕುತ್ತಿಲ್ಲ.

ಮನುಷ್ಯರಿಗೇ ಇಲ್ಲದ್ದು ನಾಯಿಗೇಕೆ ಎಂಬ ಪ್ರಶ್ನೆ ಉಳಿಯಿತು. ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರನ್ನು ಕನ್ನಡಿಗರು ಮರೆತಿಲ್ಲ. 1973ರ ಹಲ್ಲೆಯ ನಂತರ ಸುಮಾರು 42 ವರ್ಷ ಕೆಇಎಂ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. 2011ರಲ್ಲಿ ಅವರ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ತೋರಿದ ಎಚ್ಚರಿಕೆ ಸರಿಯಾದದ್ದೇ. ಮನುಷ್ಯರಿಗೆ ತಮ್ಮದೇ ಇಚ್ಛೆಯಿದೆ, ಅದನ್ನು ಇನ್ನೊಬ್ಬರು ಊಹಿಸುವುದು ಅಪಾಯ. 2018ರ ತೀರ್ಪಿನ ಮೇಲೆ ಆ ಇಚ್ಛೆಯನ್ನು ಮೊದಲೇ ಬರೆದಿಡಲೂ ಬರುತ್ತದೆ. ನಾಯಿ ಬರೆದಿಡಲಾರದು. ಈ ನೋವು ಏಕೆ, ಎಷ್ಟು ದಿನ ಎಂದು ಅದಕ್ಕೆ ತಿಳಿಹೇಳಲೂ ಆಗದು. ಅದರ ಪರವಾಗಿ ಮಾತಾಡಬೇಕಾದವರು ಬಾಯಿ ಮುಚ್ಚಿ ಕೂತರೆ ಅದಕ್ಕೆ ಬೇರೆ ಗತಿಯಿಲ್ಲ.

ಮನೆಯಲ್ಲೇ ಏಕೆ? ಮೇ ತಿಂಗಳ ಸಂಭಾಜಿನಗರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೂವತ್ತು ಕಿಲೋ ತೂಕದ, ಮುಟ್ಟಿದರೆ ಕೂಗುವ ನಾಯಿಯನ್ನು ಬೆಡ್‌ಶೀಟಿನಲ್ಲಿ ಎತ್ತಿ, ಮೆಟ್ಟಿಲಿಳಿಸಿ, ಆಟೋದಲ್ಲಿ ಕುಲುಕಿಸಿಕೊಂಡು ಒಯ್ದು, ಬೇರೆ ನಾಯಿಗಳ ಬೊಗಳು ಮತ್ತು ಫಿನಾಯಿಲ್ ವಾಸನೆಯ ನಡುವೆ ಸ್ಟೀಲ್ ಮೇಜಿನ ಮೇಲೆ ಮಲಗಿಸುವುದು ಅದರ ಕೊನೆಯ ಗಂಟೆಯನ್ನು ಭಯದಲ್ಲಿ ಮುಗಿಸಿದಂತೆ. ಮನೆಯಲ್ಲಾದರೆ ತನ್ನದೇ ಚಾಪೆ, ತನ್ನವರ ಕೈ.

ಕ್ರಮ ಸರಿಯಿರಬೇಕು. ಮೊದಲು ಮಂಪರಿನ ಇಂಜೆಕ್ಷನ್. ಸ್ವಲ್ಪ ಹೊತ್ತಿನಲ್ಲಿ ನಾಯಿ ಗಾಢ ನಿದ್ದೆಗೆ ಜಾರುತ್ತದೆ. ಆಮೇಲೆ ರಕ್ತನಾಳದ ಮೂಲಕ ಅರಿವಳಿಕೆ ಔಷಧಿಯ ಹೆಚ್ಚಿನ ಪ್ರಮಾಣ. ಉಸಿರು ನಿಲ್ಲುತ್ತದೆ, ನಂತರ ಹೃದಯ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಖಚಿತಪಡಿಸುತ್ತಾರೆ. ಕಣ್ಣು ತೆರೆದೇ ಇರಬಹುದು, ಮೈ ಒಮ್ಮೆ ಅದುರಬಹುದು, ಮೂತ್ರ ಹೋಗಬಹುದು. ಇವು ನೋವಿನ ಗುರುತುಗಳಲ್ಲ. ಆದರೆ ಎಚ್ಚರವಿರುವ ನಾಯಿಗೆ ನೇರವಾಗಿ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುವುದು ದಯಾಮರಣವೇ ಅಲ್ಲ, ಹಿಂಸೆ. 'ಮೊದಲು ಪ್ರಜ್ಞೆ ತಪ್ಪಿಸುತ್ತೀರಾ, ಯಾವ ಔಷಧಿ ಕೊಡುತ್ತೀರಿ?' ಎಂದು ಕೇಳುವ ಹಕ್ಕು ಮನೆಯವರಿಗಿದೆ. ಆ ಪ್ರಶ್ನೆಗೆ ಮುನಿಸಿಕೊಳ್ಳುವ ಡಾಕ್ಟರು ಬೇಡ.

ಇನ್ನೊಂದು ತುದಿಯ ತಪ್ಪೂ ಇದೆ. ಓಝರ್‌ನ ಎಚ್‌ಎಎಲ್‌ನಿಂದ ಬೆಂಗಳೂರಿಗೆ ವರ್ಗವಾಯಿತು, ಹೊಸ ಮನೆಯ ಮಾಲೀಕರು ಒಪ್ಪುವುದಿಲ್ಲ, ನಾಯಿ ಕುರುಡಾಯಿತು, ಒಳಗೇ ಮೂತ್ರ ಮಾಡುತ್ತದೆ ಎಂಬ ಕಾರಣಗಳಿಗೆ ಇಂಜೆಕ್ಷನ್ ಕೇಳಿದರೆ ಅದು ಕೊಲೆ. ಅದಕ್ಕೆ ಡಾಕ್ಟರು ಇಲ್ಲವೆನ್ನಲೇಬೇಕು. ಎರಡರ ನಡುವಿನ ಗೆರೆ ಕಾಣದಷ್ಟು ತೆಳುವಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಏಳು ಪ್ರಶ್ನೆಗಳ ಅಳತೆಯೊಂದನ್ನು ಕೊಟ್ಟಿದ್ದಾರೆ: ನೋವು ಹತೋಟಿಯಲ್ಲಿದೆಯೇ, ತಿನ್ನುತ್ತದೆಯೇ, ನೀರು ಸಾಕಷ್ಟು ಹೋಗುತ್ತಿದೆಯೇ, ಮೈ ಶುಚಿಯಿದೆಯೇ, ಖುಷಿಯಿದೆಯೇ, ಓಡಾಡುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ. ಪ್ರತಿಯೊಂದಕ್ಕೂ 10 ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕಿದರೂ ಎರಡು ವಾರದಲ್ಲಿ ಉತ್ತರ ಕಣ್ಣೆದುರಿಗೇ ಇರುತ್ತದೆ.

ಮನೆಗೆ ಬರುವ ಡಾಕ್ಟರು ದೊಡ್ಡ ಊರಿನ ಅನುಕೂಲಸ್ಥರಿಗಷ್ಟೇ ಸಿಗುವ ಸೌಲಭ್ಯವಾಗಿ ಉಳಿಯಬಾರದು. ಪಾಲಿಕೆಗಳು ನಾಯಿ ಲೈಸೆನ್ಸಿನ ಶುಲ್ಕ ವಸೂಲಿಗೆ ತೋರುವ ಆಸಕ್ತಿಯನ್ನು ಈ ಸೇವೆಗೂ, ಅಂತ್ಯಸಂಸ್ಕಾರದ ಜಾಗಕ್ಕೂ ತೋರಲಿ. ಅಲ್ಲಿಯವರೆಗೆ ತೀರ್ಮಾನ ಮನೆಯದ್ದೇ. ಪುಣೆಯ ಮಗಳಿಗೆ ಫೋನ್ ಮಾಡಿ, ಶನಿವಾರ ಬಾ ಅನ್ನಬೇಕು. ನಾಯಿಯ ಹಾಸಿಗೆಯನ್ನು ಬಾಲ್ಕನಿಯಿಂದ ಒಳಗೆ ತರಬೇಕು. ಡಾಕ್ಟರು ಬಂದಾಗ ಅಜ್ಜಿಯೂ ಪಕ್ಕದಲ್ಲಿ ಕೂತು ಅದರ ತಲೆ ನೇವರಿಸಲಿ. ಹದಿಮೂರು ವರ್ಷ ಅನ್ನ ಹಾಕಿದ ಕೈ ಅವರದ್ದೇ.