ಯಂತ್ರವಿದ್ದರೆ ಸಾಲದು, ನೀರಗಂಟಿಯೂ ಬೇಕು

ಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಬೆಳೆಯ ಹೊತ್ತಿಗೆ ಕೇಳಿಬರುವ ದೂರು ಹಳೆಯದು: ನಾಲೆಗೆ ನೀರು ಬಿಟ್ಟಿದ್ದಾರೆ, ಕೊನೆ ಭಾಗದ ಗದ್ದೆಗೆ ಮಾತ್ರ ತಲುಪಿಲ್ಲ. ವೈದ್ಯಕೀಯ ಸಂಶೋಧನೆಯ ಸೌಲಭ್ಯಗಳ ವಿಷಯದಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಜೀವಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್, ಅಣುಗಳ ತೂಕದಿಂದ ಅವುಗಳ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರ್ ಮುಂತಾದ ಯಂತ್ರಗಳು ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಅವಿಭಾಜ್ಯ ಬಂಡವಾಳ. ಅರ್ಧ ಯಂತ್ರವನ್ನು ಯಾರೂ ಕೊಳ್ಳಲಾರರು. ದಿನಕ್ಕೆ ಎರಡು ಮಾದರಿ ಪರೀಕ್ಷಿಸಿದರೂ ಇಪ್ಪತ್ತು ಪರೀಕ್ಷಿಸಿದರೂ ಯಂತ್ರದ ಬೆಲೆ, ನಿರ್ವಹಣಾ ಒಪ್ಪಂದ, ಹವಾನಿಯಂತ್ರಣದ ಖರ್ಚು ಹೆಚ್ಚುಕಡಿಮೆ ಅಷ್ಟೇ. ಬಳಸುವವರು ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ. ಹಲವು ಸಂಸ್ಥೆಗಳು ಒಂದೇ ಪ್ರಯೋಗಾಲಯವನ್ನು ಹಂಚಿಕೊಳ್ಳುವ ಪದ್ಧತಿಯ ಮೂಲ ತರ್ಕ ಇದೇ. ಬೆಂಗಳೂರಿನಲ್ಲಿ 2009ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಆರಂಭವಾದ ಸಿ-ಕ್ಯಾಂಪ್ ಸಂಸ್ಥೆ ಹೊರಗಿನ ಸಂಶೋಧಕರಿಗೂ ಶುಲ್ಕದ ಮೇಲೆ ಇಂಥ ಸೇವೆ ಒದಗಿಸುತ್ತಿದೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ತಿಳಿದು ಕಾಯ್ದಿರಿಸಲು ನೆರವಾಗುವ ಐ-ಸ್ಟೆಮ್ ಜಾಲತಾಣ 2020ರ ಜನವರಿಯಲ್ಲಿ ಬಂದಿತು. 2022ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸಂಶೋಧನಾ ಸೌಕರ್ಯಗಳ ಹಂಚಿಕೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು.

ಹಾಗಿದ್ದರೆ ಕೊರತೆ ಎಲ್ಲಿದೆ? ಸರ್ಕಾರಿ ಲೆಕ್ಕಶೀರ್ಷಿಕೆಯಲ್ಲಿದೆ. ಬಂಡವಾಳ ವೆಚ್ಚಕ್ಕೆ ಮಂಜೂರಾತಿ ಸಿಗುವುದು ಸುಲಭ, ಉದ್ಘಾಟನೆಗೂ ಅವಕಾಶವಿರುತ್ತದೆ. ತಂತ್ರಜ್ಞನ ಹುದ್ದೆ, ರಾಸಾಯನಿಕ, ದುರಸ್ತಿ ಇವೆಲ್ಲ ವರ್ಷವರ್ಷವೂ ಬೇಡಬೇಕಾದ ಕಂದಾಯ ವೆಚ್ಚ. ನಾನು ಸೇವೆಯಲ್ಲಿದ್ದಾಗ ತಪಾಸಣೆಗೆ ಹೋದ ಸಂಸ್ಥೆಯೊಂದರಲ್ಲಿ ದುಬಾರಿ ಉಪಕರಣವೊಂದು ಪೆಟ್ಟಿಗೆಯಲ್ಲೇ ಇತ್ತು. ದಾಸ್ತಾನು ವಹಿಯಲ್ಲಿ ಅದು 'ಸುಸ್ಥಿತಿಯಲ್ಲಿದೆ'. ನಡೆಸಬಲ್ಲವರಿರಲಿಲ್ಲ. ಆ ಕಡತಕ್ಕೆ ಷರಾ ಬರೆದು ಮುಂದಕ್ಕೆ ಕಳುಹಿಸಿದವರಲ್ಲಿ ನಾನೂ ಒಬ್ಬ.

ಹತ್ತಿರದಲ್ಲಿ ಪ್ರಯೋಗಾಲಯ ಇರುವುದರ ಮಹತ್ವವನ್ನು ನಮ್ಮ ಭಾಗಕ್ಕೆ ಬೇರೆಯವರು ಹೇಳಬೇಕಾಗಿಲ್ಲ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಜನ ಜ್ವರಕ್ಕೆ ತುತ್ತಾದಾಗ ವೈರಾಣುವನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 2020ರ ಮಾರ್ಚ್ ವೇಳೆಗೆ ರಾಜ್ಯದಲ್ಲಿ ಕೋವಿಡ್ ಪರೀಕ್ಷಿಸಬಲ್ಲ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲಿ ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಸಂಸ್ಥೆಯದೂ ಒಂದಾಗಿತ್ತು ಎಂಬುದು ಗಮನಾರ್ಹ. ವೈರಾಣು ಸಂಶೋಧನೆಗೆಂದು ಮೊದಲೇ ಕಟ್ಟಿದ್ದ ವ್ಯವಸ್ಥೆ ಆಪತ್ತಿನಲ್ಲಿ ಕೈಹಿಡಿಯಿತು.

ದಾವಣಗೆರೆಯಲ್ಲಿ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆಯಿದೆ, 2009ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. 2021ರಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ ಆರೋಗ್ಯ ಮೂಲಸೌಕರ್ಯ ಯೋಜನೆ ಪ್ರತಿ ಜಿಲ್ಲೆಗೂ ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದ ಉದ್ದೇಶ ಹೊಂದಿದೆ. ಇವೆಲ್ಲ ಬೇರೆಬೇರೆಯಾಗಿ ಅದೇ ಯಂತ್ರಗಳನ್ನು ಕೊಳ್ಳುವುದಕ್ಕಿಂತ ಒಂದು ಸಾಮಾನ್ಯ ಕೇಂದ್ರವನ್ನು ಕಟ್ಟಿಕೊಳ್ಳುವುದು ವಿವೇಕ. ಅದಕ್ಕೆ ಕೆಲವು ನಿಯಮಗಳು ಅಗತ್ಯ. ತಂತ್ರಜ್ಞರ ಹುದ್ದೆ ಕಾಯಂ ಆಗಿರಬೇಕು. ವಸೂಲಾದ ಶುಲ್ಕ ಖಜಾನೆಗೆ ಹೋಗದೆ ದುರಸ್ತಿಗೆ ಉಳಿಯಬೇಕು. ಯಂತ್ರವನ್ನು ಯಾರು ಎಷ್ಟು ಗಂಟೆ ಬಳಸಿದರೆಂಬ ವಿವರ ಸಾರ್ವಜನಿಕವಾಗಿರಬೇಕು. ತಾಲ್ಲೂಕುಗಳ ಪದವಿ ಕಾಲೇಜು ವಿದ್ಯಾರ್ಥಿಗಳ ತರಬೇತಿಗೆ ನಿಗದಿತ ದಿನಗಳನ್ನು ಮೀಸಲಿಡಬೇಕು. ಇಲ್ಲವಾದರೆ ಜಗಳೂರಿನ ಹುಡುಗಿ ಪಿಸಿಆರ್ ಯಂತ್ರವನ್ನು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ನೋಡಿ ಪದವಿ ಪಡೆಯುತ್ತಾಳೆ.

ಹಂಚಿಕೆಯೆಂದರೆ ಎಲ್ಲವನ್ನೂ ಜಿಲ್ಲಾ ಕೇಂದ್ರಕ್ಕೆ ಎಳೆದೊಯ್ಯುವುದಲ್ಲ. ಸಾಮಾನ್ಯ ರಕ್ತಪರೀಕ್ಷೆ, ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆಗಳು ತಾಲ್ಲೂಕಿನಲ್ಲೇ ಆಗಬೇಕು. ಜಿಲ್ಲಾ ಗಡಿಯೂ ಅಡ್ಡಿಯಾಗಬಾರದು. ನ್ಯಾಮತಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಅಲ್ಲಿನ ಮಾದರಿ ಅಲ್ಲಿಗೇ ಹೋಗಲಿ. ಈ ತಾಲ್ಲೂಕುಗಳ ಜನರ ರಕ್ತದಿಂದ ನಡೆದ ಸಂಶೋಧನೆಯ ಫಲಿತಾಂಶ ಅವರ ಆಸ್ಪತ್ರೆಗೆ ಮರಳಿ ಬರುವಂತಾಗಲಿ.

ಕೆರೆ ಕಟ್ಟಿಸಿದ ನಮ್ಮ ಹಿರಿಯರು ತೂಬಿನ ಬಳಿ ಒಬ್ಬ ನೀರಗಂಟಿಯನ್ನೂ ನೇಮಿಸುತ್ತಿದ್ದರು, ಅವನ ಪಾಲಿನ ಕಾಳನ್ನು ಊರೇ ಕೊಡುತ್ತಿತ್ತು. ಮುಂದಿನ ಆಯವ್ಯಯದಲ್ಲಿ ಯಂತ್ರಕ್ಕೆ ಹಣ ಇಡುವವರು ಅದರ ಪಕ್ಕದಲ್ಲೇ ತಂತ್ರಜ್ಞನ ಸಂಬಳಕ್ಕೂ ಒಂದು ಸಾಲು ಬರೆಯಲಿ.