ಹಲ್ಲು ನೋಡುವ ಕಣ್ಣು ಟಯರನ್ನೂ ನೋಡಲಿ

ದನ ಕೊಳ್ಳಲು ಹೋದಾಗ ನಮ್ಮ ಅಕ್ಕಂದಿರು ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ, ಎರಡು ಹೊತ್ತು ಕರೆಸಿ ಹಾಲು ಅಳೆಯುತ್ತಾರೆ. ಅಷ್ಟು ಜಾಗ್ರತೆಯಿಂದ ಆರಿಸಿದ ದನವನ್ನು ಕೊನೆಗೆ ಸಿಕ್ಕಿದ ಗಾಡಿಗೆ ಹತ್ತಿಸಿಬಿಡುತ್ತೇವೆ. ಟಯರ್ ನೋಡುವುದು ಡ್ರೈವರನ ಕೆಲಸ, ಟಯರ್ ಕೊಳ್ಳುವುದು ಗಂಡಸರ ಕೆಲಸ ಎಂದು ಬಿಟ್ಟಿದ್ದೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಿಂಡಿ, ಔಷಧಿಯ ಹಾಗೆ ಟಯರ್ ಕೂಡ ಹೈನುಗಾರಿಕೆಯ ಲೆಕ್ಕದಲ್ಲಿ ಬರಬೇಕಾದ ಬಾಬ್ತು.

ಪುತ್ತೂರು, ಸುಳ್ಯ, ಕಡಬದಲ್ಲಿ ಸಮತಟ್ಟು ರಸ್ತೆ ಅಪರೂಪ. ಹಾಸನದ ಕಡೆಯಿಂದ ಬರುವ ದನ ಶಿರಾಡಿ ಘಾಟಿ ಇಳಿಯಬೇಕು, ಮೈಸೂರಿನ ಕಡೆಯಿಂದ ಬಂದರೆ ಸಂಪಾಜೆ ಘಾಟಿ. ಹೆದ್ದಾರಿ ಮುಗಿದ ಮೇಲೆ ತೋಟದ ನಡುವಿನ ಚಡಾವು ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ದಾರಿಗಳೆಲ್ಲ ನೀರು, ಕೆಸರು, ಪಾಚಿ.

ಬೈಹುಲ್ಲಿನ ಕಟ್ಟು ಕಟ್ಟಿದಲ್ಲೇ ಇರುತ್ತದೆ. ದನ ಹಾಗಲ್ಲ. ತಿರುವಿನಲ್ಲಿ ಒಂದು ಬದಿಗೆ ವಾಲುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ಜಾರುತ್ತದೆ. 400 ಕೆ.ಜಿ. ತೂಕ ನಾಲ್ಕು ಕಾಲಿನ ಮೇಲೆ ಎತ್ತರದಲ್ಲಿ ಓಲಾಡುವಾಗ ಅದರ ಪೆಟ್ಟು ಬೀಳುವುದು ಹೊರಬದಿಯ ಹಿಂದಿನ ಟಯರಿನ ಮೇಲೆ. ಆ ಟಯರ್ ಜಾರಿದರೆ, ಒಡೆದರೆ ದನ ಕಾಲಗಲಿಸಿ ಬೀಳುತ್ತದೆ. ಸೊಂಟದ ಕೀಲು ತಪ್ಪಬಹುದು, ತೊಡೆಯ ನರಕ್ಕೆ ಪೆಟ್ಟಾಗಬಹುದು, ತುಂಬುಗಬ್ಬದ ದನವಾದರೆ ಕಂದು ಹಾಕಬಹುದು. ಹಾಗೆ ಬಿದ್ದ ದನವನ್ನು ಮತ್ತೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎಷ್ಟೋ ಸಲ ವಿಮೆಯ ಕಿವಿಯೋಲೆ ಬೀಳುವ ಮೊದಲೇ ಈ ಪ್ರಯಾಣ ಮುಗಿದಿರುತ್ತದೆ. ನಷ್ಟವೆಲ್ಲ ನಿಮ್ಮ ತಲೆಗೆ, ಸಾಲದ ಕಂತಂತೂ ನಿಲ್ಲುವುದಿಲ್ಲ.

ಮನೆಯ ಪಿಕಪ್ಪಿಗೆ ಟಯರ್ ಬದಲಿಸುವ ಮಾತು ಬಂದಾಗ ಅಂಗಡಿಗೆ ನೀವೂ ಹೋಗಿ. ನೋಡಬೇಕಾದದ್ದು ಹೆಚ್ಚಿಲ್ಲ, ಎಲ್ಲವೂ ಟಯರಿನ ಬದಿಯಲ್ಲೇ ಅಚ್ಚಾಗಿರುತ್ತದೆ.

ಮೊದಲನೆಯದು ಹೊರೆಯ ಸಂಖ್ಯೆ. ಅಳತೆಯ ಪಕ್ಕದಲ್ಲಿ 96 ಎಂದಿದ್ದರೆ ಆ ಟಯರ್ 710 ಕೆ.ಜಿ. ತಡೆಯುತ್ತದೆ, 100 ಎಂದಿದ್ದರೆ 800, 106 ಎಂದಿದ್ದರೆ 950. ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂಟಿ ಚಕ್ರದ ಲೆಕ್ಕ. ಖಾಲಿ ಗಾಡಿಯ ಹಿಂಭಾಗದ ಭಾರ 700 ಕೆ.ಜಿ., ಎರಡು ದನಗಳದ್ದು 900 ಕೆ.ಜಿ. ಎಂದಿಟ್ಟುಕೊಳ್ಳಿ. ಅದರಲ್ಲಿ ಬಹುಪಾಲು ಹಿಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ಒಂದಕ್ಕೆ ಹತ್ತಿರ ಹತ್ತಿರ 800. 100ರ ಟಯರಿಗೆ ತಿರುವಿನಲ್ಲಿ ಉಸಿರಾಡಲೂ ಜಾಗವಿಲ್ಲ. ರಿಮ್ಮಿಗೆ ಕೂರುತ್ತದೆ, ಅಗ್ಗವಾಗುತ್ತದೆ ಎಂದು ಯಾರಾದರೂ ಕಾರಿನ ಟಯರ್ ತೋರಿಸಿದರೆ ಬೇಡವೆನ್ನಿ. ಗಾಡಿಯ ಕಂಪೆನಿ ಹೇಳಿದ ಸಂಖ್ಯೆಗಿಂತ ಕಡಿಮೆಯದ್ದು ಬೇಡವೇ ಬೇಡ.

ಎರಡನೆಯದು ವಯಸ್ಸು. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಗೋದಾಮಿನಲ್ಲಿ ಕೂತರೂ ಮುದಿಯಾಗುತ್ತದೆ. ರಿಯಾಯಿತಿ ಜೋರಾಗಿದ್ದರೆ ಮೊದಲು ಈ ಅಂಕಿ ಓದಿ.

ಮೂರನೆಯದು ರಿಸೋಲ್. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಬಸ್ಸು ಲಾರಿಗಳು ಅದರಲ್ಲೇ ಓಡುತ್ತವೆ. ಆದರೆ ಲಾರಿಯ ಹಿಂದೆ ಒಂದೊಂದು ಬದಿಗೆ ಎರಡೆರಡು ಟಯರ್, ಒಂದು ಹೋದರೆ ಇನ್ನೊಂದು ತಡೆಯುತ್ತದೆ. ಸಣ್ಣ ಪಿಕಪ್ಪಿಗೆ ಬದಿಗೊಂದೇ. ಜೀವ ಇರುವ ಹೊರೆ ಹೊರುವ ಗಾಡಿಗೆ, ಅದರಲ್ಲೂ ಮುಂದಿನ ಚಕ್ರಕ್ಕೆ, ರಿಸೋಲ್ ಬೇಡ.

ನಾಲ್ಕನ್ನೂ ಒಟ್ಟಿಗೆ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಒಂದೇ ಅಳತೆಯ ಒಂದು ಜೋಡಿ ಕೊಳ್ಳಿ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಗಾಳಿಯನ್ನು ಬೆಳಿಗ್ಗೆ ಓಡುವ ಮೊದಲು, ಟಯರ್ ತಣ್ಣಗಿರುವಾಗ ನೋಡಿಸಿ. ಗಾಳಿ ಕಡಿಮೆ, ಹೊರೆ ಹೆಚ್ಚು ಆದರೆ ಟಯರ್ ಕಾಯುತ್ತದೆ, ಕಾದದ್ದು ಒಡೆಯುತ್ತದೆ.

"ಬಾಡಿಗೆ ಗಾಡಿಯ ಟಯರನ್ನು ನಾವು ಕೇಳಲಿಕ್ಕೆ ಆಗುತ್ತದಾ ಡಾಕ್ಟ್ರೇ?" ಎಂದು ಕೇಳುತ್ತೀರಿ. ಖಂಡಿತ ಆಗುತ್ತದೆ, ಬಾಡಿಗೆ ಕೊಡುವವರು ನೀವು. ಗುಳಿಯೊಳಗೆ ಸಣ್ಣ ಉಬ್ಬುಗಳಿರುತ್ತವೆ. ಟಯರಿನ ಮೈ ಸವೆದು ಆ ಉಬ್ಬಿಗೆ ಸಮನಾಗಿದ್ದರೆ ಉಳಿದ ಆಳ 1.6 ಮಿ.ಮೀ. ಮಾತ್ರ, ಕಾನೂನಿನ ಮಿತಿಯೇ ಅದು. ನಮ್ಮ ಮಳೆಗೆ ಅಷ್ಟು ಸವೆಯುವ ತನಕ ಕಾಯಬಾರದು. ಬದಿಯಲ್ಲಿ ಬಿರುಕು, ಉಬ್ಬು ಕಂಡರೆ ಬೇರೆ ಗಾಡಿ ಕರೆಯಿರಿ. ಸ್ಟೆಪ್ನಿಯನ್ನೂ ನೋಡಿ. ಬಿಸಿಲಲ್ಲಿ, ನೀರಿಲ್ಲದೆ ರಸ್ತೆ ಬದಿಯಲ್ಲಿ ಎರಡು ಗಂಟೆ ನಿಂತ ದನ ಮನೆಗೆ ಬಂದು ಹಾಲು ಇಳಿಸಿದರೆ ತಪ್ಪು ದನದ್ದಲ್ಲ. ನಿಯಮದ ಪ್ರಕಾರ ಒಂದು ದನಕ್ಕೆ 2 ಚದರ ಮೀಟರ್ ಜಾಗ ಬೇಕು, ಅಂದರೆ ಸಾಮಾನ್ಯ ಪಿಕಪ್ಪಿಗೆ ಎರಡೇ ದನ. ಮೂರನೆಯದನ್ನು ತುರುಕಿ ಬಾಡಿಗೆ ಉಳಿಸುವುದು ಉಳಿತಾಯವಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಸಣ್ಣ ಗೂಡ್ಸ್ ಗಾಡಿಯ ಟಯರಿಗೆ ಕೆಲವು ಸಾವಿರ, ಒಳ್ಳೆಯ ಮಿಶ್ರತಳಿ ದನಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು. ಹಾಲಿನ ಬಟವಾಡೆಯಲ್ಲಿ ತಿಂಗಳಿಗಿಷ್ಟು ಎಂದು ತೆಗೆದಿಟ್ಟರೆ ಟಯರ್ ಹೊರೆಯಾಗುವುದಿಲ್ಲ. ಬಟವಾಡೆ ನಿಮ್ಮ ಖಾತೆಗೆ ಬರುವಾಗ ಯಾವ ಟಯರ್ ಎಂಬ ತೀರ್ಮಾನದಲ್ಲೂ ನಿಮ್ಮ ಮಾತು ನಡೆಯಬೇಕು.

ಮಹಿಳಾ ಸಂಘಗಳ ಆಡಳಿತ ಮಂಡಳಿಗಳಿಗೆ ನನ್ನದೊಂದು ಸಲಹೆ. ಮೇ ತಿಂಗಳ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಡಿ. ಊರಿನಲ್ಲಿ ದನ, ಹಿಂಡಿ, ಹಾಲಿನ ಕ್ಯಾನ್ ಸಾಗಿಸುವ ಗಾಡಿ ಎಷ್ಟಿವೆ, ಯಾವುದರ ಟಯರ್ ಹೇಗಿದೆ ಎಂದು ಒಂದು ದಿನ ನೋಡಿ ಬರೆದಿಡಿ. ಒಳ್ಳೆಯ ಟಯರಿನ ಗಾಡಿಗೆ ಮಾತ್ರ ಬಾಡಿಗೆ ಎಂದು ಹತ್ತು ಅಕ್ಕಂದಿರು ಒಟ್ಟಾಗಿ ಹೇಳಿದರೆ ಉಳಿದವರೂ ಮಳೆಗೆ ಮುಂಚೆ ಟಯರ್ ಬದಲಿಸುತ್ತಾರೆ.