ಸಿಯೋಲಿನಲ್ಲಿ ಆಗಸ್ಟ್ 15

ಹೊರದೇಶಕ್ಕೆ ಓದಲು ಹೋದ ನಮ್ಮ ಹುಡುಗರು ಆಗಸ್ಟ್ 15ರಂದು ಏನು ಮಾಡುತ್ತಾರೆ? ನಮ್ಮ ರಾಯಭಾರ ಕಚೇರಿಯಲ್ಲಿ ಬಾವುಟ ಏರುತ್ತದೆ, ರಾಷ್ಟ್ರಗೀತೆ ಹಾಡುತ್ತಾರೆ, ಸಿಹಿ ಹಂಚುತ್ತಾರೆ. ಹೊರಗೆ ಬಂದರೆ ಬೀದಿಯ ಜನಕ್ಕೆ ಅದು ಎಂದಿನಂತೆ ಒಂದು ದಿನ. ಆದರೆ ಕೊರಿಯಾದಲ್ಲಿ ಹಾಗಲ್ಲ.

ನಾವು ಮೇಷ್ಟರಾಗಿದ್ದಾಗ ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಒಂದು ವರ್ಷದ ವಿದ್ಯಾರ್ಥಿ ವಿನಿಮಯದಲ್ಲಿ ಈಗ ಸಿಯೋಲಿನಲ್ಲಿದ್ದಾಳೆ. ಅವಳ ತಂದೆ ನಮ್ಮೂರ ಮಿಲ್ಲೊಂದರಲ್ಲಿ ಗುತ್ತಿಗೆ ಕೆಲಸಗಾರ. "ಮೇಷ್ಟ್ರೇ, ಬೆಳಿಗ್ಗೆ ಎದ್ದರೆ ಬೀದಿ ತುಂಬ ಬಾವುಟ. ನಮ್ಮ ಹಬ್ಬಕ್ಕೇ ಕಟ್ಟಿದ್ದಾರೇನೋ ಅನ್ನಿಸಿತು" ಎಂದು ಕಾಗದ ಬರೆದಿದ್ದಾಳೆ.

ಬಾವುಟ ಅವರದು, ದಿನ ಇಬ್ಬರದೂ. 1910ರಿಂದ 35 ವರ್ಷ ಜಪಾನಿನ ಕೈಕೆಳಗಿದ್ದ ಕೊರಿಯಾ, 1945ರ ಆಗಸ್ಟ್ 15ರಂದು ಜಪಾನ್ ಶರಣಾದಾಗ ಬಿಡುಗಡೆ ಕಂಡಿತು. ಬೆಳಕು ಮರಳಿದ ದಿನವೆಂದೇ ಅದಕ್ಕೆ ಅಲ್ಲಿ ಹೆಸರು. ನಮಗೆ ಅಧಿಕಾರ ಬಿಟ್ಟುಕೊಡಲು ಮೌಂಟ್‌ಬ್ಯಾಟನ್ 1947ರಲ್ಲಿ ಅದೇ ತಾರೀಖು ಆರಿಸಿದ್ದೂ ಜಪಾನ್ ಶರಣಾದ ದಿನವೆಂದೇ. ಎರಡೂ ದೇಶಗಳು ಸ್ವಾತಂತ್ರ್ಯದ ಜೊತೆಗೇ ಒಡೆದವು. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಊರಿಗೆ ಮರಳಲು ಒಪ್ಪದ ಕೈದಿಗಳ ಪ್ರಶ್ನೆ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು.

ಧ್ವಜವಂದನೆ ಮುಗಿಸಿ ಆ ಹುಡುಗಿ ಒಂದು ಸೇತುವೆಗೆ ಹೋದಳಂತೆ. ಅಲ್ಲಿರುವುದು ರಾಜನ ಪ್ರತಿಮೆಯಲ್ಲ, ಬಟ್ಟೆ ಕತ್ತರಿಸುತ್ತಿದ್ದ ಕೆಲಸಗಾರ ಚೊನ್ ತೇ-ಇಲ್‌ನದು. ಅಲ್ಲೇ ಪಕ್ಕದ ಮಾರುಕಟ್ಟೆಯಲ್ಲಿ, ತಲೆ ಎತ್ತಿ ನಿಲ್ಲಲಾಗದ ಅಟ್ಟಗಳಲ್ಲಿ, ಎಳೆಯ ಹುಡುಗಿಯರು ದಿನಕ್ಕೆ 14 ಗಂಟೆ ಹೊಲಿಯುತ್ತಿದ್ದರು. ಕಾರ್ಮಿಕ ಕಾನೂನು 1953ರಲ್ಲಿಯೇ ಆಗಿತ್ತು, ಪಾಲಿಸುವವರಿರಲಿಲ್ಲ. ಅವನು ಅರ್ಜಿ ಹಾಕಿದ, ಫಲವಾಗಲಿಲ್ಲ. 1970ರ ನವೆಂಬರ್ 13ರಂದು, ಕಾನೂನು ಪಾಲಿಸಿ, ನಾವು ಯಂತ್ರಗಳಲ್ಲ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡ. ಆಗ ಅವನಿಗೆ 22 ವರ್ಷ. ಅದೇ ತಿಂಗಳು ಅಲ್ಲಿ ಸಂಘ ಹುಟ್ಟಿತು. ಅವನ ತಾಯಿ ಬದುಕಿರುವತನಕ ಕಾರ್ಮಿಕರ ಜೊತೆ ನಿಂತಳು.

ದೇಶ ಬಿಡುಗಡೆಯಾಗಿ 25 ವರ್ಷವಾದರೂ ಆ ಅಟ್ಟಕ್ಕೆ ಬೆಳಕು ಮರಳಿರಲಿಲ್ಲ.

ಕಾಗದದ ಕೊನೆಯಲ್ಲಿ ಅವಳದೊಂದು ಪ್ರಶ್ನೆ: "ಈ ಸಲ ಅಪ್ಪನಿಗೆ ರಜೆ ಕೊಟ್ಟರಾ?"

ಕೊಡಲಿಲ್ಲ. ಗೇಟಿನಲ್ಲಿ ಬಾವುಟ ಏರಿತು, ಲಾಡು ಹಂಚಿದರು, ಗುತ್ತಿಗೆಯವರನ್ನು ಪಾಳಿಗೆ ಒಳಗೆ ಬಿಟ್ಟರು, ಒಂದೇ ಕೂಲಿಗೆ. ಆಗಸ್ಟ್ 15 ಸಂಬಳ ಸಹಿತ ರಜೆ. ದುಡಿಸಿಕೊಂಡರೆ ಇಮ್ಮಡಿ ಕೂಲಿ, ಇಲ್ಲವೆ ಸಂಬಳದ ಬದಲಿ ರಜೆ ಎಂದು ನಮ್ಮ ರಾಜ್ಯದ 1963ರ ಕಾಯಿದೆ ಹೇಳುತ್ತದೆ. ಗುತ್ತಿಗೆಯವನಿಗೆ ಸ್ವಾತಂತ್ರ್ಯವೂ ಗುತ್ತಿಗೆಯಲ್ಲಿ ಬಂದಿದೆಯೇ?

ಅಂಗಡಿಯ ಬಂಧುಗಳು ಇದು ಮಿಲ್ಲಿನವರ ಜಗಳವೆಂದು ಸುಮ್ಮನಿರಬಾರದು. ಬಟವಾಡೆಯಾದರೆ ತಾನೇ ನಿಮ್ಮ ಉದ್ರಿ ತೀರುವುದು? ಕಾರ್ಮಿಕನ ಒಂದು ದಿನದ ಕೂಲಿ ನುಂಗಿದವರು ನಿಮ್ಮ ಬಾಕಿಯನ್ನೂ ನುಂಗಿದ್ದಾರೆ.

ಆ ದಿನ ಪಾಳಿ ಮಾಡಿದವರೆಲ್ಲ ಹೆಸರು, ಖಾತೆ, ಪಾಳಿಯ ವೇಳೆ ಬರೆದು ಸಂಘದ ಕಚೇರಿಗೆ ತಂದುಕೊಡಿ. ಒಬ್ಬೊಬ್ಬರೇ ಬರಬೇಡಿ, ಕೂಡಿ ಬನ್ನಿ. ಅಕ್ಟೋಬರ್ 2ಕ್ಕೂ ಅದೇ ಕಾಯಿದೆಯ ರಜೆಯಿದೆ. ಅಷ್ಟರೊಳಗೆ ಇದು ತೀರ್ಮಾನವಾಗಬೇಕು. ಆ ಹುಡುಗಿಗೆ ನಾವು ಇನ್ನೂ ಉತ್ತರ ಬರೆದಿಲ್ಲ.